ಜಾಕ್ ಕಟ್ಟಿದ ಮನೆಯೊಳಗೆ ಯಾರ್ಯಾರಿದ್ದಾರೆ?

ನಿಮ್ಮ ಮನೆಯಲ್ಲೂ ಇದು ನಡೆದೇ ಇರುತ್ತೆ. ಸಾಯಂಕಾಲ ಶಾಲೆಯಿಂದ ಬಂದ ಮಗು ಚೀಲ ಒಂದು ಕಡೆ, ಷೂ ಒಂದು ಕಡೆ ಎಸೆದು, ಕೈಯಲ್ಲೊಂದು ಚಕ್ಕುಲಿ ಹಿಡಿದುಕೊಂಡು ಹೊಸ ಇಂಗ್ಲಿಷ್ ಪದ್ಯ ಒಪ್ಪಿಸೋಕೆ ಶುರು ಮಾಡುತ್ತೆ. ಅಜ್ಜಿಗೆ ಖುಷಿಯೋ ಖುಷಿ. ಅಪ್ಪ ಪೇಪರಿನಿಂದ ತಲೆ ಎತ್ತಿ "ಭೇಷ್" ಅಂತಾರೆ. "ಹಾಗಂದ್ರೆ ಏನಮ್ಮಾ?" ಅಂತ ಮಗು ಕೇಳಿದಾಗ ಮಾತ್ರ ಅಮ್ಮ "ನಾಳೆ ನಿಮ್ಮ ಮಿಸ್‌ನ ಕೇಳೋ" ಅಂದು ಒಲೆಯ ಕಡೆ ತಿರುಗಿಬಿಡ್ತಾಳೆ. ಮಿಸ್‌ಗೆ ಪಾಪ, ತರಗತಿ ತುಂಬ ಮಕ್ಕಳು. ರಾಗ ಕಲಿಸಿದರೆ ಸಾಕಾಗಿರುತ್ತೆ. ಅರ್ಥ ಅನ್ನೋದು ಶಾಲೆಗೂ ಮನೆಗೂ ನಡುವೆ ಎಲ್ಲೋ ಬಿದ್ದುಹೋಗುತ್ತೆ.

ಸೋದರಿಯರೇ, ಈ ಸಲ ಅಂಥ ಒಂದೇ ಒಂದು ಪದ್ಯ ಎತ್ತಿಕೊಂಡು ಕೂರೋಣ. 'ದಿ ಹೌಸ್ ದಟ್ ಜಾಕ್ ಬಿಲ್ಟ್', ಅಂದರೆ ಜಾಕ್ ಕಟ್ಟಿದ ಮನೆ. ಮಕ್ಕಳ ಇಂಗ್ಲಿಷ್ ಪದ್ಯಗಳ ಪುಸ್ತಕಗಳಲ್ಲಿ ನೀವು ಕಂಡಿರಬಹುದು. ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಇದರಲ್ಲಿ ಬರೋ ಸಂಗತಿಗಳು ಇಂಗ್ಲಿಷ್ ಅರಳು ಹುರಿದಂತೆ ಮಾತಾಡೋರಿಗಿಂತ ಉಗ್ರಾಣ, ಕೊಟ್ಟಿಗೆ, ಹಿತ್ತಿಲು ಬಲ್ಲ ಹೆಂಗಸರಿಗೇ ಹೆಚ್ಚು ಗೊತ್ತಿರುವಂಥವು. ಆದ್ದರಿಂದ "ನನಗೆ ಇಂಗ್ಲಿಷ್ ಬರೋಲ್ಲ" ಅಂತ ಪುಟ ತಿರುಗಿಸಬೇಡಿ.

ಸರಪಳಿ ಹೇಗಿದೆ?

ಇದು ಬೆಳೆಯುತ್ತಾ ಹೋಗೋ ಪದ್ಯ. ಮೊದಲ ನುಡಿಯಲ್ಲಿ ಜಾಕ್ ಕಟ್ಟಿದ ಮನೆ ಮಾತ್ರ ಇರುತ್ತೆ. ಎರಡನೆಯದರಲ್ಲಿ ಆ ಮನೆಯಲ್ಲಿಟ್ಟ ಮಾಲ್ಟ್ ಬರುತ್ತೆ. ಮೂರನೆಯದರಲ್ಲಿ ಅದನ್ನು ತಿಂದ ಇಲಿ. ಆಮೇಲೆ ಇಲಿಯನ್ನು ಕೊಂದ ಬೆಕ್ಕು, ಬೆಕ್ಕಿನ ಮೇಲೆ ಬಿದ್ದ ನಾಯಿ, ನಾಯಿಯನ್ನು ಕೊಂಬಿನಿಂದ ಎತ್ತಿ ಒಗೆದ ಹಸು, ಹಸುವಿನ ಹಾಲು ಕರೆದ ಹುಡುಗಿ, ಅವಳಿಗೆ ಮುತ್ತಿಟ್ಟ ಹರಕು ಬಟ್ಟೆಯ ಗಂಡಸು, ಅವರಿಬ್ಬರ ಮದುವೆ ಮಾಡಿಸಿದ ಪಾದ್ರಿ, ಪಾದ್ರಿಯನ್ನು ಎಬ್ಬಿಸಿದ ಹುಂಜ, ಹುಂಜ ಸಾಕಿದ ರೈತ. ಪ್ರತಿ ನುಡಿಯಲ್ಲೂ ಹೊಸಬರೊಬ್ಬರು ಸೇರಿಕೊಳ್ತಾರೆ, ಹಳಬರೆಲ್ಲರ ಹೆಸರನ್ನೂ ಮತ್ತೆ ಹೇಳಬೇಕು. ಕೆಲವು ಪುಸ್ತಕಗಳಲ್ಲಿ ರೈತನ ಆಚೆಗೆ ಕುದುರೆ, ಬೇಟೆನಾಯಿ, ಕಹಳೆಯೂ ಸೇರಿವೆ. ಅದು ಆಮೇಲಿನವರು ಹಾಕಿದ ಒಗ್ಗರಣೆ.

ಕೊನೆಯ ನುಡಿ ಬರೋ ಹೊತ್ತಿಗೆ ಒಂದೇ ಉಸಿರಲ್ಲಿ ಹನ್ನೊಂದು ಹೆಸರು. ಮಕ್ಕಳಿಗೆ ಮಜಾ ಇರೋದೇ ಇಲ್ಲಿ. ಎಲ್ಲಿ ತಪ್ಪುತ್ತೋ ಅನ್ನೋ ಭಯ, ತಪ್ಪದೆ ಮುಗಿಸಿದಾಗಿನ ಜಂಬ! ಇಂಥ ಪದ್ಯಗಳನ್ನು ಇಂಗ್ಲೆಂಡಿನಲ್ಲಿ ಹಬ್ಬದ ಕೂಟಗಳಲ್ಲಿ ದೊಡ್ಡವರೂ ಆಟವಾಗಿ ಆಡುತ್ತಿದ್ದರು. ತಪ್ಪಿದವರು ಏನಾದರೊಂದು ದಂಡ ತೆರಬೇಕು. ಕ್ರಿಸ್‌ಮಸ್‌ನ ಹನ್ನೆರಡು ದಿನಗಳ ಪ್ರಸಿದ್ಧ ಹಾಡು ಕೂಡ 1780ರ ಸುಮಾರಿಗೆ ಮೊದಲು ಅಚ್ಚಾದಾಗ ಹೀಗೆ ದಂಡದ ಆಟವಾಗಿಯೇ ಬಂದದ್ದು.

ಇಲ್ಲೊಂದು ಸ್ವಾರಸ್ಯ ಗಮನಿಸಿ. ಇಂಗ್ಲಿಷಿನಲ್ಲಿ ಹೊಸಬರು ಸಾಲಿನ ಮುಂದೆ ಬಂದು ನಿಲ್ತಾರೆ, ಜಾಕ್ ಯಾವಾಗಲೂ ಕಟ್ಟಕಡೆಗೆ. ನಮ್ಮ ಕನ್ನಡದಲ್ಲಿ ಇದು ಪೂರಾ ಉಲ್ಟಾ. "ಅತ್ತೆ ಕೊಟ್ಟ ಸೀರೆ ಉಟ್ಟ ಸೊಸೆ" ಅಂತೀವಿ. ಹಳಬರು ಮೊದಲು, ಹೊಸಬರು ಕೊನೆಗೆ. ಹೀಗಾಗಿ ಈ ಪದ್ಯವನ್ನು ಕನ್ನಡದಲ್ಲಿ ಹೇಳಿದರೆ ಜಾಕ್ ಮೊದಲಿಗೇ ಬಂದು ಹೋಗ್ತಾನೆ, ಕೊನೆಯಲ್ಲಿ ರೈತ ನಿಲ್ತಾನೆ. ಯಾರು ಮೊದಲು, ಯಾರು ಕೊನೆಗೆ ಅನ್ನೋ ಈ ವಿಷಯಕ್ಕೆ ಆಮೇಲೆ ಮತ್ತೆ ಬರೋಣ.

ಎಷ್ಟು ಹಳೆಯದು?

ಈ ಪದ್ಯ ಅಚ್ಚಿನಲ್ಲಿ ಮೊದಲು ಕಾಣಿಸಿದ್ದು 1755ರಲ್ಲಿ, ಲಂಡನ್ನಿನಲ್ಲಿ. 'ನರ್ಸ್ ಟ್ರೂಲವ್ ಕೊಟ್ಟ ಹೊಸ ವರ್ಷದ ಉಡುಗೊರೆ' ಅಂತ ಅರ್ಥ ಬರೋ ಹೆಸರಿನ ಒಂದು ಪುಟ್ಟ ಪುಸ್ತಕದಲ್ಲಿ. ನರ್ಸ್ ಅಂದರೆ ಇಲ್ಲಿ ಆಸ್ಪತ್ರೆಯ ದಾದಿ ಅಲ್ಲ, ಉಳ್ಳವರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಯಾ. ಟ್ರೂಲವ್ ಅನ್ನೋದು ಪ್ರಕಾಶಕರು ಇಟ್ಟ ಕಲ್ಪನೆಯ ಹೆಸರು. ಆ ಪ್ರಕಾಶಕ ಜಾನ್ ನ್ಯೂಬೆರಿ. ಮಕ್ಕಳು ಓದಿ ಸಂತೋಷಪಡಲಿ ಅಂತಲೇ ಪುಸ್ತಕ ಅಚ್ಚು ಹಾಕಿ ಮಾರಿದವರಲ್ಲಿ ಮೊದಲ ಸಾಲಿನವನು. ಜೊತೆಗೆ ಜ್ವರದ ಪುಡಿಯನ್ನೂ ಮಾರುತ್ತಿದ್ದ. ಒಟ್ಟಿನಲ್ಲಿ ಮಕ್ಕಳಿರೋ ಮನೆಗೆ ಏನೇನು ಬೇಕು ಅಂತ ತಿಳಿದಿದ್ದ ವ್ಯಾಪಾರಿ.

ಆದರೆ ಅಚ್ಚಾದದ್ದೇ ಹುಟ್ಟಿದ್ದಲ್ಲವಲ್ಲ. ನಮ್ಮ ಜೋಗುಳಗಳನ್ನು ಯಾರು ಕಟ್ಟಿದರು ಅಂತ ಕೇಳಿದರೆ ಏನು ಹೇಳೋಣ? ಇದೂ ಹಾಗೇ. ಪುಸ್ತಕಕ್ಕೆ ಬರೋ ಮೊದಲು ಬಾಯಿಂದ ಬಾಯಿಗೆ ಬಂದದ್ದು. ಹಳೆಯ ಹಾಡುಗಳನ್ನು ಹುಡುಕಿ ಕೂಡಿಸಿ 1842ರಲ್ಲಿ ಸಂಗ್ರಹ ತಂದ ಜೇಮ್ಸ್ ಆರ್ಚರ್ಡ್ ಹ್ಯಾಲಿವೆಲ್ ಎಂಬ ವಿದ್ವಾಂಸ ಇದರ ವಯಸ್ಸನ್ನು ಪಾದ್ರಿಯ ತಲೆ ನೋಡಿ ಲೆಕ್ಕ ಹಾಕಿದ! ಪದ್ಯದಲ್ಲಿ ಬರೋ ಪಾದ್ರಿ ಕ್ಷೌರ ಮಾಡಿಸಿಕೊಂಡವನು. ನೆತ್ತಿ ಬೋಳಿಸಿಕೊಳ್ಳೋದು ರೋಮನ್ ಕ್ಯಾಥೊಲಿಕ್ ಪಾದ್ರಿಗಳ ಪದ್ಧತಿಯಾಗಿತ್ತು. 1534ರಲ್ಲಿ ದೊರೆ ಎಂಟನೆಯ ಹೆನ್ರಿ ರೋಮಿನ ಪೋಪರ ಸಂಬಂಧ ಕಡಿದುಕೊಂಡ ಮೇಲೆ, ಆ ಶತಮಾನ ಮುಗಿಯುವುದರೊಳಗೆ ಅಂಥ ಬೋಳುನೆತ್ತಿಯ ಪಾದ್ರಿಗಳು ಇಂಗ್ಲೆಂಡಿನ ಹಳ್ಳಿಗಳಿಂದ ಮರೆಯಾದರು. ಹಾಗಾದರೆ ಪದ್ಯ ಅದಕ್ಕೂ ಹಿಂದಿನದೇ ಇರಬೇಕು ಅನ್ನೋದು ಆತನ ತರ್ಕ. ಒಂದೇ ಒಂದು ಮಾತಿನ ಮೇಲೆ ನಿಂತ ತರ್ಕವಾದ್ದರಿಂದ ಗಟ್ಟಿ ಪುರಾವೆ ಅನ್ನೋಕಾಗೋಲ್ಲ. ಆದರೂ ಯೋಚನೆ ಚೆನ್ನಾಗಿದೆ, ಅಲ್ಲವೇ?

ಇದೇ ಹ್ಯಾಲಿವೆಲ್ ಇನ್ನೊಂದು ದೂರದ ನೆಂಟಸ್ತಿಕೆಯನ್ನೂ ಹೇಳಿದ್ದಾನೆ. ಯೆಹೂದ್ಯರ ಮನೆಗಳಲ್ಲಿ ಪಾಸೋವರ್ ಹಬ್ಬದ ರಾತ್ರಿ ಊಟವೆಲ್ಲಾ ಆದ ಮೇಲೆ, ಕಟ್ಟಕಡೆಗೆ, ಮಕ್ಕಳಿಗೆ ನಿದ್ದೆ ತೂಗುತ್ತಿರೋ ಹೊತ್ತಿಗೆ ಹಾಡೋ ಹಾಡೊಂದಿದೆ. 'ಹದ್ ಗದ್ಯಾ' ಅಂತ. ಒಂದೇ ಒಂದು ಮೇಕೆಮರಿ ಅಂತ ಅದರರ್ಥ. ಅಪ್ಪ ಎರಡು ಕಾಸಿಗೆ ಕೊಂಡುತಂದ ಮರಿಯನ್ನು ಬೆಕ್ಕು ತಿನ್ನುತ್ತೆ. ಬೆಕ್ಕನ್ನು ನಾಯಿ, ನಾಯಿಯನ್ನು ಕೋಲು, ಕೋಲನ್ನು ಬೆಂಕಿ, ಬೆಂಕಿಯನ್ನು ನೀರು, ನೀರನ್ನು ಎತ್ತು, ಎತ್ತನ್ನು ಕಟುಕ, ಕಟುಕನನ್ನು ಮೃತ್ಯುದೂತ, ಕೊನೆಗೆ ಮೃತ್ಯುವನ್ನೇ ಅಡಗಿಸೋ ದೇವರು. ಇದು 1590ರಲ್ಲಿ ಪ್ರಾಗ್ ನಗರದಲ್ಲಿ ಅಚ್ಚಾದ ಹಬ್ಬದ ಪುಸ್ತಕದಲ್ಲಿದೆ. ಅಲ್ಲಿಂದಲೇ ಜಾಕ್‌ನ ಮನೆ ಬಂತು ಅಂದ ಹ್ಯಾಲಿವೆಲ್. ಆಮೇಲಿನ ವಿದ್ವಾಂಸರೆಲ್ಲ ಇದನ್ನು ಒಪ್ಪಲಿಲ್ಲ. ಸರಪಳಿ ಕಟ್ಟೋ ಆಟ ಎಲ್ಲ ದೇಶದ ಮಕ್ಕಳಿಗೂ ಇಷ್ಟ. ಪಕ್ಕದ ತೆಲುಗಿನವರನ್ನೇ ಕೇಳಿ, ರಾಜನ ಏಳು ಮಕ್ಕಳು ಹಿಡಿದು ತಂದ ಏಳು ಮೀನಿನಲ್ಲಿ ಒಂದು ಯಾಕೆ ಒಣಗಲಿಲ್ಲ ಅಂತ ಕೇಳುತ್ತಾ ಕೇಳುತ್ತಾ ಇರುವೆಯವರೆಗೂ ಹೋಗೋ ಕಥೆ ಹೇಳ್ತಾರೆ. ಹಾಗಂತ ಇವೆಲ್ಲ ಒಂದೇ ಗರ್ಭದಲ್ಲಿ ಹುಟ್ಟಿದವು ಅನ್ನೋಕಾಗುತ್ತಾ?

ಎರಡಕ್ಕೂ ಒಂದು ವ್ಯತ್ಯಾಸವಿದೆ. ಮೇಕೆಮರಿಯ ಹಾಡು ಮೇಲೇರಿ ಏರಿ ದೇವರಲ್ಲಿ ನಿಲ್ಲುತ್ತೆ. ಜಾಕ್‌ನ ಮನೆಯ ಪದ್ಯ ಹೊಲಕ್ಕಿಳಿದು ಬೀಜ ಬಿತ್ತೋ ರೈತನಲ್ಲಿ ನಿಲ್ಲುತ್ತೆ. ಒಂದು ದೇವರಮನೆಯದು, ಇನ್ನೊಂದು ಉಗ್ರಾಣದ್ದು.

ಒಬ್ಬೊಬ್ಬರನ್ನೇ ಮಾತಾಡಿಸೋಣ

ಮೊದಲು ಜಾಕ್. ಇವನು ಯಾರೂ ಅಲ್ಲ. ನಮ್ಮಲ್ಲಿ 'ರಾಮ, ಭೀಮ, ಸೋಮ' ಅಂದಹಾಗೆ, ಇಂಗ್ಲಿಷಿನವರಿಗೆ ಜಾಕ್ ಅಂದರೆ ಯಾವನೋ ಒಬ್ಬ. ಜಾನ್ ಅನ್ನೋ ಹೆಸರಿನ ಮುದ್ದಿನ ರೂಪ. ಬೆಟ್ಟ ಹತ್ತಿ ಬಿದ್ದವನೂ ಜಾಕ್, ಹುರುಳಿ ಬಳ್ಳಿ ಹತ್ತಿದವನೂ ಜಾಕ್. ಲಾರಿಯ ಚಕ್ರ ಬಿಚ್ಚುವಾಗ ಕೆಳಗೆ ಕೊಟ್ಟು ಎತ್ತೋ 'ಜಾಕು' ಇದೆಯಲ್ಲ, ಅದಕ್ಕೂ ಇದೇ ಹೆಸರು. ಆಳು ಹುಡುಗ ಮಾಡೋ ಕೆಲಸವನ್ನು ಆ ಯಂತ್ರ ಮಾಡುತ್ತೆ ಅಂತ. ಆದರೆ ಹಲಸಿನ ಹಣ್ಣಿನ ಇಂಗ್ಲಿಷ್ ಹೆಸರಿನಲ್ಲಿರೋ ಜಾಕ್ ಇವನಲ್ಲ. ಅದು ಮಲಯಾಳದ 'ಚಕ್ಕ' ಪೋರ್ಚುಗೀಸರ ಬಾಯಲ್ಲಿ ತಿರುಗಿ ಬಂದದ್ದು. ಮಗು ಕೇಳಿದರೆ ಹೇಳಿ, ನಗುತ್ತೆ.

ಇಂಗ್ಲೆಂಡಿನ ಶ್ರಾಪ್‌ಷೈರ್ ಸೀಮೆಯ ಚೆರಿಂಗ್ಟನ್ ಎಂಬಲ್ಲಿ ಒಂದು ಹಳೆಯ ಮರದ ಚೌಕಟ್ಟಿನ ಮನೆಯಿದೆ. ಇದೇ ಆ ಜಾಕ್ ಕಟ್ಟಿದ್ದು ಅಂತ ಅಲ್ಲಿನವರು ಹೇಳಿಕೊಳ್ತಾರೆ. ನಮ್ಮೂರಿನ ಪ್ರತಿ ಬೆಟ್ಟದಲ್ಲೂ ಭೀಮನ ಹೆಜ್ಜೆ ಇರುತ್ತಲ್ಲ, ಹಾಗೆ.

ಇನ್ನು ಮಾಲ್ಟ್. ಇದೇನೋ ದೊಡ್ಡ ವಸ್ತು ಅಂದುಕೊಳ್ಳಬೇಡಿ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಬಿಸಿಯಲ್ಲಿ ಒಣಗಿಸಿ ಇಟ್ಟದ್ದು. ಮಗುವಿನ ರಾಗಿ ಸರಿಗೆ ನೀವು ಮಾಡೋದೂ ಅದನ್ನೇ ತಾನೇ? ರಾಗಿ ತೊಳೆದು, ರಾತ್ರಿಯೆಲ್ಲಾ ನೆನೆಸಿ, ನೀರು ಬಸಿದು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಇಣುಕಿದಾಗ ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನೋ ಹಾಗೆ ಹುರಿದು ಬೀಸೋದು. ಕಾಳು ಮೊಳೆಯುವಾಗ ಅದರೊಳಗಿನ ಪಿಷ್ಟ ಒಡೆದು ಸಕ್ಕರೆಯಾಗತೊಡಗುತ್ತೆ. ಅದಕ್ಕೇ ಮೊಳಕೆ ಹಿಟ್ಟಿಗೆ ಆ ಸಿಹಿ. ಇಲಿ ಮನೆಯಲ್ಲಿದ್ದ ಬೇರೆಲ್ಲ ಬಿಟ್ಟು ಅದಕ್ಕೇ ಬಾಯಿ ಹಾಕಿದ್ದು ಯಾಕೆ ಅಂತ ಈಗ ತಿಳೀತಲ್ಲ!

ಇಂಗ್ಲೆಂಡಿನಲ್ಲಿ ಮಾಲ್ಟ್ ಇಡುತ್ತಿದ್ದದ್ದು ಮುಖ್ಯವಾಗಿ 'ಏಲ್' ಅನ್ನೋ ಪಾನೀಯಕ್ಕೆ. ಬಿಯರಿನ ಹಳೆಯ ರೂಪ. ಮೂಗು ಮುರಿಯಬೇಡಿ. ಆ ಕಾಲದಲ್ಲಿ ಅಲ್ಲಿ ಅದು ಮೋಜಿನ ಪದಾರ್ಥವಲ್ಲ, ದಿನದ ಆಹಾರ. ತೆಳ್ಳಗೆ ಕಾಸಿದ್ದನ್ನು ಮಕ್ಕಳೂ ಕುಡಿಯುತ್ತಿದ್ದರು. ಅದನ್ನು ಮನೆಮನೆಯಲ್ಲಿ ಕಾಸುತ್ತಿದ್ದವರು ಹೆಂಗಸರು. ಮನೆಗಾಗಿ ಮಿಕ್ಕಿದ್ದನ್ನು ಊರಿನವರಿಗೆ ಮಾರಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದರು. ಹಾಗೆ ಕಾಸುವವಳಿಗೆ 'ಬ್ರೂಸ್ಟರ್' ಅಂತ ಹೆಸರು. ನೂಲುವವಳಿಗೆ 'ಸ್ಪಿನ್‌ಸ್ಟರ್' ಅಂದಹಾಗೆ. ಜೂಡಿತ್ ಬೆನೆಟ್ ಎಂಬ ಇತಿಹಾಸಕಾರ್ತಿ 1996ರಲ್ಲಿ ಇದರ ಮೇಲೆಯೇ ಒಂದು ಪುಸ್ತಕ ಬರೆದಿದ್ದಾರೆ. 1300ರ ಸುಮಾರಿಗೆ ಹೆಚ್ಚಾಗಿ ಹೆಂಗಸರ ಕೈಯಲ್ಲಿದ್ದ ಈ ಕಸುಬು 1600ರ ಹೊತ್ತಿಗೆ ಗಂಡಸರ ಕೈಗೆ ಹೋಗಿತ್ತು. 'ಹಾಪ್ಸ್' ಅನ್ನೋ ಹೂವು ಹಾಕಿದ ಬಿಯರ್ ಬೇಗ ಕೆಡೋಲ್ಲ. ದೊಡ್ಡ ಹಂಡೆಯಲ್ಲಿ ಮಾಡಬಹುದು, ದೂರಕ್ಕೆ ಸಾಗಿಸಬಹುದು. ದೊಡ್ಡ ಬಂಡವಾಳ ಬಂತು. ಬಂಡವಾಳ ಇಲ್ಲದ ಹೆಂಗಸು ಹಿಂದೆ ಸರಿದಳು. ಕೆಲಸ ಚಿಕ್ಕದಾಗಿದ್ದಾಗ ಅವಳದು, ಲಾಭ ದೊಡ್ಡದಾದ ಮೇಲೆ ಅವನದು. ಈ ಮಾತು ಬರೀ ಇಂಗ್ಲೆಂಡಿನದಾ ಅಂತ ನೀವೇ ಹೇಳಿ.

ಇಲಿ, ಬೆಕ್ಕುಗಳನ್ನು ನಾನು ಪರಿಚಯ ಮಾಡಿಕೊಡಬೇಕಾಗಿಲ್ಲ. ನಾಯಿಯ ಹತ್ತಿರ ಒಂದು ನಿಮಿಷ ನಿಲ್ಲಿ. ನಾಯಿ ಬೆಕ್ಕಿಗೆ ಮಾಡಿದ್ದನ್ನು ಹೇಳೋಕೆ ಪದ್ಯದಲ್ಲಿ 'ವರಿ' ಅನ್ನೋ ಕ್ರಿಯಾಪದ ಇದೆ. ವರಿ ಅಂದರೆ ಚಿಂತೆ ಅಂತ ನಮಗೆಲ್ಲ ಗೊತ್ತು. 'ವರಿ ಮಾಡ್ಕೋಬೇಡಿ' ಅಂತೀವಲ್ಲ. ಹಾಗಾದರೆ ನಾಯಿ ಬೆಕ್ಕಿಗೆ ಚಿಂತೆ ಹಚ್ಚಿತೇ? ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಮಾತಿಗೆ ಕತ್ತು ಹಿಸುಕೋದು ಅಂತ ಅರ್ಥವಿತ್ತು. ಆಮೇಲೆ ನಾಯಿ ಗಂಟಲಿಗೆ ಬಾಯಿ ಹಾಕಿ ಒದರಾಡಿಸೋದಕ್ಕೆ ಬಂತು. ಎಷ್ಟೋ ಕಾಲದ ಮೇಲೆ ಮನಸ್ಸನ್ನು ಹಾಗೆ ಹಿಡಿದು ಒದರಾಡಿಸೋ ಚಿಂತೆಗೆ ಆ ಹೆಸರು ಬಿತ್ತು. ರಾತ್ರಿ ನಿದ್ದೆ ಬಾರದೆ ಹೊರಳಾಡಿದವರಿಗೆ ಈ ಅರ್ಥ ಎಷ್ಟು ಸರಿ ಅಂತ ಗೊತ್ತು.

ಹಸುವಿನ ಕೊಂಬಿಗೆ ಇರೋ ವಿಶೇಷಣ ಕೂಡ ಹೀಗೇ. ಇಸ್ತ್ರಿ ಮಾಡದ ಬಟ್ಟೆಗೆ, ಮುದುಡಿದ ಕಾಗದಕ್ಕೆ ಹೇಳೋ ಮಾತು ಅದು ಈಗ. ಹಳೆಯ ಅರ್ಥ ಸೊಟ್ಟಗಾದದ್ದು, ಬಾಗಿದ್ದು ಅಂತ. ಕೊಂಬು ಸೊಟ್ಟಗಿರೋ ಹಸು ಅಷ್ಟೆ. ನಮ್ಮ ಹಳ್ಳಿಗಳಲ್ಲೂ ಹಸುಗಳನ್ನು ಕೊಂಬಿನಿಂದಲೇ ಗುರುತಿಸ್ತಾರಲ್ಲ.

ಹಾಲು ಕರೆಯೋ ಹುಡುಗಿ

ಈಗ ಬಂದಳು ನೋಡಿ ಈ ಪದ್ಯದ ಏಕೈಕ ಹೆಣ್ಣುಮಗಳು. ಅವಳಿಗೆ ಹೆಸರಿಲ್ಲ. ಇರೋದು 'ಫರ್ಲಾರ್ನ್' ಅನ್ನೋ ಒಂದು ವಿಶೇಷಣ. ಹಿಂದೆ ಅದಕ್ಕೆ 'ಕಳೆದುಹೋದ' ಅನ್ನೋ ಅರ್ಥವಿತ್ತು. ಆಮೇಲೆ ಯಾರೂ ಇಲ್ಲದವಳು, ದಿಕ್ಕಿಲ್ಲದವಳು ಅಂತಾಯಿತು.

ಆಗಿನ ಇಂಗ್ಲೆಂಡಿನ ರೈತರ ಮನೆಗಳಲ್ಲಿ ಹಾಲು ಕರೆಯೋದು, ಕೆನೆ ತೆಗೆಯೋದು, ಬೆಣ್ಣೆ ಕಡೆಯೋದು, ಚೀಸ್ ಮಾಡೋದು, ಇವೆಲ್ಲ ಹೆಂಗಸರ ಪಾಲಿನ ಕೆಲಸ. ಬಡವರ ಹೆಣ್ಣುಮಕ್ಕಳು ಚಿಕ್ಕ ವಯಸ್ಸಿಗೇ ಬೇರೆಯವರ ಮನೆಯಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದರು. ತಾಯಿ ತಂದೆ ದೂರ, ಊಟ ಇನ್ನೊಬ್ಬರ ಹಂಗು. ಅಂಥವಳಿಗೆ ಒಲಿದವನು ಯಾರು? ಬಟ್ಟೆಯೆಲ್ಲ ಹರಿದವನು. ಅವಳಿಗಿಂತ ಒಂದು ಕೈ ಹೆಚ್ಚೇ ಬಡವ. ಪದ್ಯ ಅವರಿಬ್ಬರನ್ನೂ ಗೇಲಿ ಮಾಡೋಲ್ಲ. ರಾಜಕುಮಾರ ಬಂದು ಅವಳನ್ನು ಕುದುರೆ ಮೇಲೆ ಕೂರಿಸಿಕೊಂಡು ಹೋಗೋದೂ ಇಲ್ಲ. ಇಬ್ಬರು ಬಡವರು ಕೂಡಿ ಸಂಸಾರ ಹೂಡ್ತಾರೆ, ಅಷ್ಟೆ. ಮಕ್ಕಳ ಪದ್ಯದಲ್ಲಿ ಇಷ್ಟು ನಿಜವಾದ ಮದುವೆ ಅಪರೂಪ.

ಪಾದ್ರಿಯೇ ಬಂದು ಮದುವೆ ಮಾಡಿಸಿದ್ದಕ್ಕೂ ಬೆಲೆಯಿದೆ. ಮೊದಲೆಲ್ಲ ಅಲ್ಲಿ ಕದ್ದುಮುಚ್ಚಿ ಮದುವೆಗಳು ಬೇಕಾದಷ್ಟು ನಡೆಯುತ್ತಿದ್ದವು. ಆಮೇಲೆ ಗಂಡು "ನಾನು ಮದುವೆಯೇ ಆಗಿಲ್ಲ" ಅಂದರೆ ಹೆಣ್ಣಿಗೆ ಸಾಕ್ಷಿಯಿಲ್ಲ. 1753ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾನೂನು ಬಂತು. ಯೆಹೂದ್ಯರು, ಕ್ವೇಕರ್ ಪಂಥದವರು ಬಿಟ್ಟು ಉಳಿದವರೆಲ್ಲರ ಮದುವೆಯೂ ಚರ್ಚಿನಲ್ಲಿ, ಮೊದಲೇ ಸಾರಿ ಹೇಳಿಯೋ ಪರವಾನಗಿ ಪಡೆದೋ ಆಗಬೇಕು, ಪುಸ್ತಕದಲ್ಲಿ ದಾಖಲಾಗಬೇಕು. ನ್ಯೂಬೆರಿಯ ಪುಟ್ಟ ಪುಸ್ತಕ ಬಂದದ್ದು ಅದಾದ ಎರಡು ವರ್ಷಕ್ಕೆ. ಪದ್ಯ ಕಾನೂನಿಗಿಂತ ಹಳೆಯದಿರಬಹುದು. ಆದರೆ ಆ ಪುಸ್ತಕ ಓದಿದ ತಾಯಂದಿರಿಗೆ ದಿಕ್ಕಿಲ್ಲದ ಹುಡುಗಿಗೆ ಪಾದ್ರಿ ಮುಂದೆ ಮದುವೆ ಅನ್ನೋದರ ತೂಕ ಗೊತ್ತಿತ್ತು.

ಹಾಗೇ ಹುಂಜ. ಪಾದ್ರಿಯನ್ನು ಬೆಳಗ್ಗೆ ಎಬ್ಬಿಸೋದಕ್ಕೆ ಹುಂಜ ಯಾಕೆ ಬೇಕಾಯಿತು? ಆಗಿನ ಚರ್ಚಿನ ನಿಯಮದ ಪ್ರಕಾರ ಮದುವೆ ಬೆಳಗ್ಗೆ 8ರಿಂದ 12ರ ಒಳಗೇ ಆಗಬೇಕಿತ್ತು. ಮಧ್ಯಾಹ್ನ 3ರವರೆಗೂ ಮಾಡಬಹುದು ಅಂತ ಸಡಿಲಿಸಿದ್ದು 1886ರಲ್ಲಿ. ಪಾದ್ರಿ ಮಲಗಿಬಿಟ್ಟರೆ ಲಗ್ನ ತಪ್ಪಿತು! ಮುಹೂರ್ತದ ಗಡಿಬಿಡಿ ನಮಗೊಬ್ಬರಿಗೇ ಅಲ್ಲ ಅನ್ನೋದು ಸಮಾಧಾನ.

ಕೊನೆಗೆ ರೈತ. ಅವನು ಬಿತ್ತೋದಕ್ಕೆ 'ಕಾರ್ನ್' ಅಂತ ಇದೆ. ಮಕ್ಕಳಿಗೆ ಕಾರ್ನ್ ಅಂದರೆ ಬೀದಿಯಲ್ಲಿ ಉಪ್ಪು ಖಾರ ಹಚ್ಚಿ ಕೊಡೋ ಮುಸುಕಿನ ಜೋಳ. ಅಮೆರಿಕದವರ ಅರ್ಥ ಅದು. ಇಂಗ್ಲೆಂಡಿನಲ್ಲಿ ಕಾರ್ನ್ ಅಂದರೆ ಧಾನ್ಯ. ಗೋಧಿ, ಬಾರ್ಲಿ, ಓಟ್ಸ್ ಎಲ್ಲವೂ ಅದೇ. ಈಗ ನೋಡಿ, ರೈತ ಬಿತ್ತಿದ ಬಾರ್ಲಿಯಿಂದ ಮಾಲ್ಟ್ ಆಗಬೇಕು. ಮಾಲ್ಟ್ ಇದ್ದದ್ದು ಜಾಕ್‌ನ ಮನೆಯಲ್ಲಿ. ಸರಪಳಿಯ ತುದಿ ಬಂದು ಮೊದಲ ಕೊಂಡಿಗೇ ಕೂಡಿಕೊಂಡಿತು! ಉದ್ದಕ್ಕೆ ಎಳೆದ ಹಗ್ಗ ಅಂದುಕೊಂಡಿದ್ದು ಕೈಬಳೆ ಆಯಿತು.

ಹರಕು ಬಟ್ಟೆಯವನು ಬೀದಿಗೆ ಬಂದ

ಇಷ್ಟು ಸಣ್ಣ ಪದ್ಯ ಒಮ್ಮೆ ಸರ್ಕಾರವನ್ನೇ ಚುಚ್ಚಿದ್ದುಂಟು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಬಯಲಿನಲ್ಲಿ ಸುಮಾರು 60,000 ಜನ ಸೇರಿದ್ದರು. ಪಾರ್ಲಿಮೆಂಟಿನಲ್ಲಿ ತಮಗೂ ಪ್ರತಿನಿಧಿಗಳು ಬೇಕು ಅಂತ ಕೇಳೋದಕ್ಕೆ. ಹೆಂಗಸರೂ ಬಿಳಿ ಉಡುಪು ತೊಟ್ಟು ಗುಂಪುಗುಂಪಾಗಿ ಬಂದಿದ್ದರು. ಅಲ್ಲಿನ ಮಹಿಳಾ ಸುಧಾರಕರ ಸಂಘದ ಅಧ್ಯಕ್ಷೆ ಮೇರಿ ಫಿಲ್ಡಿಸ್ ಭಾಷಣಕಾರರ ಜೊತೆಗೇ ಇದ್ದಳು. ಆ ಜನರ ಮೇಲೆ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಹದಿನೈದಕ್ಕೂ ಕಡಿಮೆಯಿಲ್ಲದಷ್ಟು ಜನ ಸತ್ತರು, ನೂರಾರು ಜನ ಗಾಯಗೊಂಡರು.

ಅದೇ ವರ್ಷದ ಕೊನೆಯಲ್ಲಿ ವಿಲಿಯಂ ಹೋನ್ ಎಂಬ ಪುಸ್ತಕ ವ್ಯಾಪಾರಿ, ಎಲ್ಲರಿಗೂ ಬಾಯಿಪಾಠವಾಗಿದ್ದ ಜಾಕ್‌ನ ಮನೆಯ ಪದ್ಯವನ್ನೇ ತಿರುಗಿಸಿ ಒಂದು ರಾಜಕೀಯ ವಿಡಂಬನೆ ಬರೆದ. ಚಿತ್ರ ಬರೆದವನು ಜಾರ್ಜ್ ಕ್ರೂಕ್‌ಶ್ಯಾಂಕ್. ಅದರಲ್ಲಿ ಮನೆಯೊಳಗಿನ ಸಂಪತ್ತು ಅಂದರೆ ದೇಶದ ಹಕ್ಕುಗಳು, ಅದನ್ನು ತಿನ್ನೋ ಹುಳುಗಳು ಅಂದರೆ ಅಧಿಕಾರದಲ್ಲಿದ್ದವರು, ಹರಿದ ಬಟ್ಟೆಯವನು ಅಂದರೆ ಇಡೀ ಬಡಜನ. ಒಂದು ಲಕ್ಷದಷ್ಟು ಪ್ರತಿ ಮಾರಿತಂತೆ. ಪ್ರತಿ ಮನೆಯ ತೊಟ್ಟಿಲ ಹತ್ತಿರ ಕೇಳಿದ ಪದ್ಯವಾದ್ದರಿಂದಲೇ ಅದು ಅಷ್ಟು ಬೇಗ ಎಲ್ಲರ ಎದೆಗೆ ನಾಟಿತು. ತಾಯಂದಿರು ಹಾಡಿ ಹಾಡಿ ಉಳಿಸದೇ ಇದ್ದಿದ್ದರೆ ಹೋನ್‌ಗೆ ಈ ಬಾಣ ಸಿಗುತ್ತಿತ್ತೇ?

ಮತ್ತೆ 1878ರಲ್ಲಿ ರ್‍ಯಾಂಡಾಲ್ಫ್ ಕಾಲ್ಡೆಕಾಟ್ ಎಂಬ ಚಿತ್ರಕಾರ ಈ ಪದ್ಯಕ್ಕೆ ಬಣ್ಣದ ಚಿತ್ರಗಳನ್ನು ಬರೆದ. ಅವನ ಮೊದಲ ಎರಡು ಚಿತ್ರಪುಸ್ತಕಗಳಲ್ಲಿ ಇದೊಂದು. ಮಕ್ಕಳ ಚಿತ್ರಪುಸ್ತಕ ಅಂದರೆ ಹೇಗಿರಬೇಕು ಅಂತ ತೋರಿಸಿಕೊಟ್ಟವನು ಅಂತ ಇಂದಿಗೂ ಅವನನ್ನು ನೆನೆಯುತ್ತಾರೆ.

ಹೆಸರು ಯಾರದು, ದುಡಿಮೆ ಯಾರದು?

ಇಲ್ಲಿಗೆ ಬಂದಾಗ ನನಗೆ ಒಂದು ಮಾತು ಹೇಳಲೇಬೇಕು ಅನ್ನಿಸುತ್ತೆ. ಅಮೆರಿಕದ ಗ್ರಂಥಾಲಯ ಸಂಘದವರು ಮಕ್ಕಳ ಪುಸ್ತಕಗಳಿಗೆ ಪ್ರತಿವರ್ಷ ಎರಡು ದೊಡ್ಡ ಪದಕ ಕೊಡ್ತಾರೆ. ಒಂದು 1922ರಿಂದ, ಇನ್ನೊಂದು 1938ರಿಂದ. ಮೊದಲನೆಯದು ನ್ಯೂಬೆರಿ ಹೆಸರಿನಲ್ಲಿ, ಎರಡನೆಯದು ಕಾಲ್ಡೆಕಾಟ್ ಹೆಸರಿನಲ್ಲಿ. ಈ ಪದ್ಯವನ್ನು ಅಚ್ಚು ಹಾಕಿದವನಿಗೊಂದು, ಚಿತ್ರ ಬರೆದವನಿಗೊಂದು. ಇಬ್ಬರೂ ಯೋಗ್ಯರೇ, ಬೇಡ ಅನ್ನೋಲ್ಲ. ಆದರೆ ಅಚ್ಚಾಗುವ ಮೊದಲು, ಎಷ್ಟೋ ತಲೆಮಾರು, ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಒಂದು ಕೊಂಡಿಯೂ ಕಳಚದ ಹಾಗೆ ಇದನ್ನು ದಾಟಿಸಿದ ಅಜ್ಜಿಯರು, ಆಯಾಗಳು? ಅವರ ಹೆಸರಿನಲ್ಲಿ ಪದಕವಿಲ್ಲ. ಪುಸ್ತಕದ ಮೇಲೆ ಬಂದ ಒಬ್ಬಳು ಆಯಾ, ಟ್ರೂಲವ್, ಅವಳೂ ಕಲ್ಪನೆ!

ಪದ್ಯದೊಳಗೂ ಕಥೆ ಅದೇ. ಪ್ರತಿ ನುಡಿ ಮುಗಿಯೋದೂ ಜಾಕ್‌ನ ಹೆಸರಿನಿಂದ. ಅವನು ಮನೆ ಕಟ್ಟಿದ, ಸರಿ. ಆಮೇಲೆ ಎಲ್ಲಿ ಹೋದ? ಇಡೀ ಪದ್ಯದಲ್ಲಿ ಅವನು ಇನ್ನೊಂದು ಕಡ್ಡಿ ಎತ್ತಿಡೋಲ್ಲ. ಮನೆ ನಡೆದದ್ದು ಮಾಲ್ಟ್ ಮಾಡಿದವಳಿಂದ, ಹಾಲು ಕರೆದವಳಿಂದ, ಬಿತ್ತಿದವನಿಂದ, ಇಲಿ ಹಿಡಿದ ಬೆಕ್ಕಿನಿಂದ. ಮಾಲ್ಟ್ ಮಾಡಿದವಳಿಗಂತೂ ಸರಪಳಿಯಲ್ಲಿ ಒಂದು ಕೊಂಡಿಯ ಜಾಗವೂ ಸಿಗಲಿಲ್ಲ. ಅದು ತಾನಾಗೇ ಮನೆಯಲ್ಲಿ ಬಿದ್ದಿತ್ತು ಅನ್ನೋ ಹಾಗಿದೆ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಜಾಡಿ, ಹಪ್ಪಳದ ಡಬ್ಬಿ, ಮಡಿಸಿಟ್ಟ ಬಟ್ಟೆಗಳೂ ತಾವಾಗೇ ಬಂದು ಕೂತಿರುತ್ತವಲ್ಲ, ಹಾಗೆ!

ಇದನ್ನು ಜಗಳಕ್ಕೆ ಅಂತ ಹೇಳ್ತಿಲ್ಲ. ಗೇಟಿನ ಮೇಲೆ ಯಜಮಾನರ ಹೆಸರಿರಲಿ, ಅವರು ಸಾಲ ತೀರಿಸಿ ಕಟ್ಟಿಸಿದ್ದಾರೆ. ಆದರೆ ಕಟ್ಟೋದು ಒಂದು ಸಲ, ನಡೆಸೋದು ದಿನಾಲೂ. 2013ರ ಆಹಾರ ಭದ್ರತಾ ಕಾಯಿದೆಯಲ್ಲಿ ಪಡಿತರ ಚೀಟಿಯ ಮಟ್ಟಿಗೆ 18 ವರ್ಷ ತುಂಬಿದ ಹಿರಿಯ ಹೆಣ್ಣುಮಗಳೇ ಮನೆಯ ಯಜಮಾನಿ ಅಂತ ಬರೆದಿದ್ದಾರೆ. ಉಗ್ರಾಣದ ಲೆಕ್ಕ ಯಾರ ಕೈಯಲ್ಲಿದೆ ಅನ್ನೋದು ಕಾನೂನು ಮಾಡುವವರಿಗೂ ಗೊತ್ತಾಗಿದೆ. ಗೊತ್ತಾಗಬೇಕಾದವರು ಇನ್ನು ಮನೆಯ ಮಕ್ಕಳು.

ಮನೆಯಲ್ಲಿ ಹೀಗೆ ಮಾಡಿ ನೋಡಿ

ಮುಂದಿನ ಸಲ ಈ ಪದ್ಯ ಮನೆಗೆ ಬಂದಾಗ ಮಿಸ್ ಕಡೆ ಕೈ ತೋರಿಸಬೇಡಿ. ಮಗುವನ್ನು ಅಡುಗೆಮನೆಗೆ ಕರೆಯಿರಿ. ಒಂದು ಹಿಡಿ ರಾಗಿ ನೆನೆಹಾಕಿ, ಗಂಟು ಕಟ್ಟಿ, ಮೊಳಕೆ ಬರೋದನ್ನು ದಿನಾ ಬಿಚ್ಚಿ ತೋರಿಸಿ. "ಇದೇ ನೋಡು ಜಾಕ್‌ನ ಮನೆಯಲ್ಲಿದ್ದದ್ದು. ಅವರದ್ದು ಬಾರ್ಲಿ, ನಮ್ಮದು ರಾಗಿ" ಅನ್ನಿ. ವರಿ, ಕಾರ್ನ್ ಇವುಗಳ ಹಳೆಯ ಅರ್ಥ ಹೇಳಿ. ನಾಳೆ ತರಗತಿಯಲ್ಲಿ ನಿಮ್ಮ ಮಗು ಮಿಸ್‌ಗೇ ಹೇಳಿಕೊಡುತ್ತೆ.

ಆಮೇಲೆ ನಿಮ್ಮದೇ ಒಂದು ಸರಪಳಿ ಕಟ್ಟೋ ಆಟ ಆಡಿ. ತಟ್ಟೆಯಲ್ಲಿರೋ ಸಾರಿನಿಂದ ಶುರು ಮಾಡಿ. ಬೇಳೆ ಎಲ್ಲಿಂದ ಬಂತು, ಅಂಗಡಿಗೆ ತಂದವರು ಯಾರು, ಬೆಳೆದವರು ಯಾರು, ಕಲ್ಲು ಆರಿಸಿದವರು ಯಾರು, ಒಗ್ಗರಣೆ ಹಾಕಿದವರು ಯಾರು? ಒಬ್ಬೊಬ್ಬರೂ ಒಂದೊಂದು ಕೊಂಡಿ ಸೇರಿಸಲಿ. ತಪ್ಪಿದವರಿಗೆ ದಂಡ, ಊಟ ಆದ ಮೇಲೆ ತಟ್ಟೆ ಎತ್ತೋದು. ಗಂಡುಮಕ್ಕಳೂ, ಅವರ ಅಪ್ಪನೂ ಆಟಕ್ಕೆ ಸೇರಲಿ. ಒಂದೇ ಒಂದು ನಿಯಮ ಮಾತ್ರ ಖಡಾಖಂಡಿತ. ಕೆಲಸ ಮಾಡಿದ ಯಾರೊಬ್ಬರನ್ನೂ ಬಿಡೋ ಹಾಗಿಲ್ಲ.

ಕನ್ನಡದಲ್ಲಿ ಹೇಳುವಾಗ ಹೊಸಬರು ಕೊನೆಗೆ ನಿಲ್ತಾರೆ ಅಂತ ಆಗಲೇ ಹೇಳಿದೆನಲ್ಲ? ಹಾಗಾಗಿ ಪ್ರತಿ ಸಲವೂ ಸಾಲು ಮುಗಿಯೋದು ಈಗ ಸೇರಿದವರ ಹೆಸರಿನಿಂದ. ಒಮ್ಮೆಯಾದರೂ ಆ ಜಾಗದಲ್ಲಿ "ನಮ್ಮಮ್ಮ" ಅಂತ ನಿಮ್ಮ ಮಗು ಹೇಳುತ್ತೋ ಇಲ್ಲವೋ, ಕಿವಿಗೊಟ್ಟು ಕೇಳಿ.